ನೂರಕ್ಕೇ ನಿಂತ ಮುಳ್ಳು

ಪ್ಯಾಂಟು ಜಾರಿದ್ದು ಅಡುಗೆಮನೆಯಲ್ಲಿ. ಮೇಲಿನ ಗೂಡಿನಲ್ಲಿದ್ದ ಡಬ್ಬಿ ತೆಗೆಯಲು ಎರಡೂ ಕೈ ಎತ್ತಿದ್ದೇ ತಡ, ಅದು ಸೊಂಟದ ಋಣ ಹರಿದುಕೊಂಡು ಮೊಣಕಾಲಿನವರೆಗೆ ಇಳಿದು, ಅಲ್ಲಿ ಏನೋ ಮರೆತು ಬಂದವರ ಹಾಗೆ ನಿಂತಿತು. ಒಲೆಯ ಮುಂದಿದ್ದ ಅಕ್ಕ ತಿರುಗಿಯೂ ನೋಡದೆ, ಡಬ್ಬಿ ಆಮೇಲೆ ತೆಗೆದರಾಯಿತು, ಮೊದಲು ಮಾನ ಎತ್ತಿಕೋ ಎಂದಳು.

ಪ್ಯಾಂಟಿನೊಡೆಯ ಕ್ವಿಂಟಾಲ್‌ಗೆ ಕೋಪ ಬಂತು. ಅವನಿಗೆ ಕೋಪ ಬರಲು ಕಾರಣವೇನೂ ಬೇಕಾಗುತ್ತಿರಲಿಲ್ಲ. ಕಾರಣ ಸಿಕ್ಕಿದ ದಿನವಂತೂ ಕೇಳುವುದೇ ಬೇಡ. ಬೆಲ್ಟಿಗೆ ಆಗಲೇ ಮೂರು ಹೊಸ ತೂತು ಬಿದ್ದಿದ್ದವು. ಮೊಳೆ ಹುಡುಕಿ, ಲಟ್ಟಣಿಗೆಯಿಂದ ಅದರ ತಲೆಗೆ ಕುಟ್ಟುತ್ತ ನಾಲ್ಕನೆಯದನ್ನು ಕೊರೆದ. ಕುಟ್ಟುವಾಗಲೆಲ್ಲ ಬೆಲ್ಟು ಮಾರಿದವನ ಮುಖ ನೆನೆದುಕೊಂಡ. ತೊಗಲು ಅಂತ ಹೇಳಿ ರಬ್ಬರು ಕಟ್ಟಿದ್ದಾನೆ, ದಿನದಿನಕ್ಕೆ ಹಿಗ್ಗುತ್ತಿದೆ ಎಂಬುದು ಅವನ ವಾದ. ಬೆಲ್ಟು ಹಿಗ್ಗಿರಲಿಕ್ಕಿಲ್ಲ, ಒಳಗಿರುವವನೇ ಕುಗ್ಗಿರಬಹುದು ಎಂಬ ಇನ್ನೊಂದು ವಾದವೂ ಇತ್ತು. ಆದರೆ ಅದಕ್ಕೆ ಸಾಕ್ಷಿ ಇರಲಿಲ್ಲ. ಅವನ ಪಾಲಿಗೆ ಸಾಕ್ಷಿ ಎಂದರೆ ಒಂದೇ, ತೂಕದ ಯಂತ್ರದ ಮುಳ್ಳು. ಮುಳ್ಳು ಆರು ತಿಂಗಳಿಂದ ನೂರು ಬಿಟ್ಟು ಅತ್ತಿತ್ತ ಕದಲಿರಲಿಲ್ಲ.

ತೂಕದ ಯಂತ್ರದ ಮೇಲೆ ಅವನಿಗೆ ಇಷ್ಟು ನಂಬಿಕೆ ಇರಲು ಕಾರಣವಿತ್ತು. ಎಂಟನೇ ತರಗತಿಯಲ್ಲಿ ಶಾಲೆ ಅವನನ್ನು ಬಿಟ್ಟಿತು, ಅಥವಾ ಅವನು ಶಾಲೆಯನ್ನು ಬಿಟ್ಟ, ಇಬ್ಬರಿಗೂ ಬೇಸರವಾಗಲಿಲ್ಲ. ನಾಲ್ಕು ವರ್ಷ ಅಲ್ಲಿ ಇಲ್ಲಿ ಅಲೆದು, ತೂಕದ ಯಂತ್ರ ರಿಪೇರಿ ಮಾಡುವ ಅಂಗಡಿಯೊಂದಕ್ಕೆ ಸೇರಿಕೊಂಡ. ಸೇರಿದ ದಿನ ಅಲ್ಲಿನ ಮೇಸ್ತ್ರಿ ಆಗತಾನೇ ಸರಿಮಾಡಿ ಇಟ್ಟಿದ್ದ ಯಂತ್ರದ ಮೇಲೆ ಇವನು ಸುಮ್ಮನೆ ಹತ್ತಿ ನಿಂತ. ಮುಳ್ಳು ಸೀದಾ ನೂರಕ್ಕೆ ಹೋಗಿ ಮೊಳೆ ಹೊಡೆದ ಹಾಗೆ ನಿಂತುಬಿಟ್ಟಿತು. ಒಂದು ಗ್ರಾಮು ಹೆಚ್ಚಿಲ್ಲ, ಒಂದು ಗ್ರಾಮು ಕಡಿಮೆಯಿಲ್ಲ. ಅವತ್ತೇ ಹೆಸರು ಬಿತ್ತು, ಕ್ವಿಂಟಾಲ್. ಒಂಬತ್ತು ವರ್ಷವಾಯಿತು. ಈಗ ಅಕ್ಕನೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಾಳೆ.

ಅಂಗಡಿಯಲ್ಲಿ ಒಂದು ಏಣಿಯಿತ್ತು. ಉಗ್ರಾಣಗಳಲ್ಲಿ ಸೂರಿನಿಂದ ಇಳಿಬಿಟ್ಟ ದೊಡ್ಡ ತಕ್ಕಡಿಗಳನ್ನು ಸರಿಮಾಡಲು ಅದನ್ನು ಒಯ್ಯುತ್ತಿದ್ದರು. ಏಣಿಯ ಪಕ್ಕಕ್ಕೆ ಒಂದು ತಗಡು ಹೊಡೆದಿತ್ತು: ತೊಂಬತ್ತು ಕೆಜಿ ಮೀರಿದವರು ಹತ್ತಬಾರದು. ಏಣಿ ಹತ್ತುವವನ ಕೈಗೆ ಸ್ಕ್ರೂಡ್ರೈವರು ಬರುತ್ತದೆ, ಕೆಳಗೆ ನಿಂತವರೆಲ್ಲ ಕತ್ತೆತ್ತಿ ನೋಡುತ್ತಾರೆ, ಆಯ್ತಾ, ಆಗ್ಲಿಲ್ವಾ ಎಂದು ಕೇಳುತ್ತಾರೆ. ಒಂಬತ್ತು ವರ್ಷ ಬರೀ ಬಾ, ನಿಂತ್ಕೋ, ಇಳಿ ಎಂಬ ಮೂರೇ ಮಾತು ಕೇಳಿದ್ದ ಕ್ವಿಂಟಾಲ್‌ಗೆ ಆ ಏಣಿ ಎಂದರೆ ಮನುಷ್ಯನಾಗುವ ದಾರಿ.

ಆರು ತಿಂಗಳ ಹಿಂದೆ ಒಂದು ದಿನ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಯಜಮಾನರು ಒಂದು ಸುದ್ದಿ ಹೇಳಿದ್ದರು. ಏಣಿ ಹತ್ತುವ ಮುದುಕಪ್ಪ ಇನ್ನಾರು ತಿಂಗಳಿಗೆ ಕೆಲಸ ಬಿಡುತ್ತಾನೆ, ಆಮೇಲೆ ತೊಂಬತ್ತರ ಒಳಗಿರುವ ಯಾರಾದರೂ ಹತ್ತಬಹುದು. ಅಷ್ಟು ಹೇಳಿ, "ಕ್ವಿಂಟಾಲ್, ನೀನೂ ಬಾಪ್ಪ, ಬೇಡ ಅನ್ನೋರು ಯಾರು" ಎಂದರು. ನಕ್ಕ ನಗೆಗೆ ಮೇಸ್ತ್ರಿಯ ಮೂಗಿನಿಂದ ಚಹಾ ಬಂತು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಕ್ವಿಂಟಾಲ್. ನಕ್ಕು ಮುಗಿಸಿ ಹಿತ್ತಿಲಿಗೆ ಹೋಗಿ ಏಣಿಗೆ ಒದ್ದ. ಏಣಿಗೆ ಏನೂ ಆಗಲಿಲ್ಲ. ಹೆಬ್ಬೆರಳು ಮಾತ್ರ ಎರಡು ವಾರ ಬಾತಿತ್ತು.

ಮೊದಲು ತನ್ನದೇ ದಾರಿ ಹಿಡಿದ. ಮೂರು ದಿನ ಬರೀ ನೀರು ಕುಡಿದು, ನಾಲ್ಕನೇ ದಿನ ಮನೆಯಲ್ಲಿದ್ದ ಅನ್ನವನ್ನೆಲ್ಲ ಮುಗಿಸಿ, ಪಾತ್ರೆಯ ತಳ ಕೆರೆಯುತ್ತಿದ್ದಾಗ ಅಕ್ಕನ ಕೈಗೆ ಸಿಕ್ಕಿಬಿದ್ದ. ಅಕ್ಕ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಇನ್ನೂರು ರೋಗಿಗಳ ನಾಲಿಗೆಯನ್ನು ಹದ್ದುಬಸ್ತಿನಲ್ಲಿ ಇಟ್ಟವಳಿಗೆ ಇವನೊಬ್ಬ ಯಾವ ಲೆಕ್ಕ. ತಟ್ಟೆಯ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸಿದಳು. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಕಾಳೋ ಮೊಟ್ಟೆಯೋ, ಉಳಿದ ಕಾಲು ಭಾಗ ಮಾತ್ರ ಅನ್ನ. ಬೆಳಗಿನ ತಿಂಡಿ ಬಿಡುವ ಹಾಗಿಲ್ಲ. ಬಾಯಲ್ಲಿದ್ದದ್ದು ಗಂಟಲಿಗಿಳಿಯುವ ತನಕ ಕೈಯಲ್ಲಿ ಮುಂದಿನ ತುತ್ತು ಇರುವ ಹಾಗಿಲ್ಲ. ಬಸ್ಸು ಎರಡು ನಿಲ್ದಾಣ ಮೊದಲೇ ಇಳಿದು ನಡೆಯಬೇಕು. ಹತ್ತಕ್ಕೆ ದೀಪ ಆರಬೇಕು.

"ಹಸಿದು ಇಳಿಸಿದ ತೂಕ ಸೇಡು ತೀರಿಸ್ಕೊಳ್ಳುತ್ತೆ ಕಣೋ. ನಿಧಾನಕ್ಕೆ ಇಳಿಸಿದ್ರೆ ಇಳಿದ ಜಾಗದಲ್ಲೇ ನಿಲ್ಲುತ್ತೆ. ಅಲ್ಲಾಡಲ್ಲ," ಎಂದಿದ್ದಳು.

ಅವನು ಒಂದು ದಿನವೂ ತಪ್ಪಿಸಲಿಲ್ಲ. ಅಂಗಡಿಯಲ್ಲಿ ಯಾರಿಗೂ ಹೇಳಲೂ ಇಲ್ಲ. ಹೇಳಿದರೆ ಮತ್ತೆ ಮೂಗಿನಿಂದ ಚಹಾ ಬರುತ್ತದೆ. ಮೊದಲ ತಿಂಗಳು ಸೌತೆಕಾಯಿ ಕಂಡರೆ ಅದನ್ನು ಎಸೆದು ಯಾರನ್ನಾದರೂ ಹೊಡೆಯಬೇಕು ಅನಿಸುತ್ತಿತ್ತು. ಎರಡನೇ ತಿಂಗಳು ಅಭ್ಯಾಸವಾಯಿತು. ಮೂರನೇ ತಿಂಗಳು, ಇದನ್ನು ಯಾರ ಮುಂದೆಯೂ ಒಪ್ಪಿಕೊಳ್ಳಲಾರ, ರುಚಿಯೂ ಹತ್ತಿತು. ಶನಿವಾರ ಸಂಜೆ ಎಲ್ಲರೂ ಹೋದ ಮೇಲೆ ಅಂಗಡಿಯ ದೊಡ್ಡ ಯಂತ್ರದ ಮೇಲೆ ನಿಲ್ಲುತ್ತಿದ್ದ. ನೂರು. ಮುಂದಿನ ಶನಿವಾರ, ನೂರು. ಇಪ್ಪತ್ತಾರು ಶನಿವಾರ ಅವನು ಯಂತ್ರವನ್ನು ನೋಡಿದ, ಯಂತ್ರ ಅವನನ್ನು ನೋಡಿತು.

ಮುದುಕಪ್ಪ ನಿನ್ನೆ ಕೆಲಸ ಬಿಟ್ಟಿದ್ದ. ಈ ದಿನ ಮಧ್ಯಾಹ್ನ ಹನ್ನೆರಡಕ್ಕೆ ಯಜಮಾನರು ತೂಕ ನೋಡಿ ಏಣಿ ಯಾರಿಗೆ ಎಂದು ಹೇಳುವವರಿದ್ದರು.

ಎರಡು ನಿಲ್ದಾಣ ಮೊದಲು ಇಳಿದವನು ನೇರ ಬೆಲ್ಟಿನ ಅಂಗಡಿಗೆ ನುಗ್ಗಿದ. ಬೆಲ್ಟು ಬಿಚ್ಚಿ ಮೇಜಿನ ಮೇಲೆ ಹಾವು ಎಸೆದ ಹಾಗೆ ಎಸೆದ. ಮಾರುವವನು ತಾಳ್ಮೆಯ ಮನುಷ್ಯ. ಟೇಪು ಹಿಡಿದು ತುದಿಯಿಂದ ತುದಿಗೆ ಅಳೆದು, ಮಾರಿದ ದಿನ ಎಷ್ಟಿತ್ತೋ ಅಷ್ಟೇ ಇದೆ ಎಂದು ತೋರಿಸಿದ.

"ಬೆಲ್ಟು ಹಿಗ್ಗಿಲ್ಲ ಸ್ವಾಮಿ. ನೀವೇ ಕುಗ್ಗಿದೀರಿ."

"ನಾನು ತೂಕದ ಅಂಗಡಿಯವನು. ನಂಗೇ ಹೇಳ್ಕೊಡ್ತೀಯಾ? ಆ ಟೇಪೂ ನೀನು ಮಾರೋದೇ ತಾನೇ?"

ಬೆಲ್ಟನ್ನು ಅಲ್ಲೇ ಬಿಸಾಕಿ, ಅಂಗಡಿಯ ಮುಂದೆ ಬಿದ್ದಿದ್ದ ಪಾರ್ಸಲ್ ದಾರವನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಂಡು ಹೊರಟ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ, ಒಳ್ಳೆಯ ನಾಲ್ಕನೇ ತೂತು ವ್ಯರ್ಥವಾಯಿತಲ್ಲ ಎಂದು ಹೊಳೆಯಿತು. ಆದರೆ ರೇಗಾಡಿ ಬಂದ ಅಂಗಡಿಗೆ ಮತ್ತೆ ಹೋಗುವುದು ಹೇಗೆ.

ಆದರೂ ಬೆಲ್ಟಿನವನ ಮಾತು ಕಿವಿಯಲ್ಲಿ ಸೊಳ್ಳೆಯ ಹಾಗೆ ಗುಂಯ್‌ಗುಟ್ಟುತ್ತಿತ್ತು. ಅಂಗಡಿಯ ಯಂತ್ರವೇ ಹಟ ಮಾಡುತ್ತಿದ್ದರೆ? ಬೇರೆ ಕಡೆ ನೋಡಿದರಾಯಿತು. ಮೊದಲು ಔಷಧಿ ಅಂಗಡಿಯ ಬಾಗಿಲಲ್ಲಿದ್ದ ಯಂತ್ರ ಹತ್ತಿದ. ಮುಳ್ಳು ನಡುಗಿ, ಏರಿ, ನೂರನ್ನು ಕಂಡು ಸ್ವಂತ ಮನೆ ತಲುಪಿದಂತೆ ನಿಂತಿತು. ಅಲ್ಲಿಂದ ಮಹಡಿಯ ಮೇಲಿದ್ದ ಕ್ಲಿನಿಕ್ಕಿಗೆ ಇಪ್ಪತ್ತೆರಡು ಮೆಟ್ಟಿಲು ಹತ್ತಿದ. ಏದುಸಿರು ಬರಲಿಲ್ಲ ಎಂಬುದನ್ನು ಅವನು ಗಮನಿಸಲಿಲ್ಲ. ಕೋಪದಲ್ಲಿದ್ದವನಿಗೆ ಉಸಿರಿನ ಮೇಲೆ ಗಮನವಿರುವುದಿಲ್ಲ. ಅಲ್ಲಿಯೂ ನೂರು. ಪಾಠ ಹೇಳಿಕೊಟ್ಟು ಕರೆತಂದ ಸಾಕ್ಷಿಗಳ ಹಾಗೆ ಎಲ್ಲವೂ ಒಂದೇ ಮಾತಾಡುತ್ತಿದ್ದವು. ಹಾಗಾದರೆ ಯಂತ್ರದ ತಪ್ಪಲ್ಲ. ಎರಡೂ ಅವನ ಅಂಗಡಿಯವರೇ ಶನಿವಾರ ಶನಿವಾರ ಬಂದು ಸರಿಮಾಡಿ ಹೋಗುವ ಯಂತ್ರಗಳು. ಅವನೇ ಜೊತೆಗೆ ಬಂದಿರುತ್ತಾನೆ.

ಕ್ಲಿನಿಕ್ಕಿನ ನರ್ಸಮ್ಮ ಅವನ ಮುಖ ನೋಡಿ ತನ್ನ ಕತೆ ಶುರುಮಾಡಿದಳು. ಆರು ತಿಂಗಳಲ್ಲಿ ಅರವತ್ತಿದ್ದವಳು ಎಪ್ಪತ್ತಾಗಿದ್ದಾಳೆ. ಸಕ್ಕರೆ ಬಿಟ್ಟಳು, ಎಣ್ಣೆ ಬಿಟ್ಟಳು, ಈಗ ಬರೀ ಬೇಯಿಸಿದ ಗಜ್ಜರಿಯ ಮೇಲಿದ್ದಾಳೆ.

"ಗಾಳಿ ಕುಡಿದ್ರೂ ಮೈಗೆ ಹತ್ತುತ್ತೆ ಅಣ್ಣ. ನಂಗೊಬ್ಬಳಿಗೇ ಅಲ್ಲ, ಇಡೀ ಬೀದಿಗೇ ಏನೋ ಬಡಿದಿದೆ. ಡಾಕ್ಟ್ರೂ ದಪ್ಪ ಆಗಿದಾರೆ, ಬೇಜಾರಲ್ಲಿ ಯಾರ ಹತ್ರನೂ ಮಾತಾಡ್ತಿಲ್ಲ."

ಕಷ್ಟದಲ್ಲಿರುವವನಿಗೆ ಜೊತೆಗಾರರು ಸಿಕ್ಕರೆ ಸಮಾಧಾನವಾಗಬೇಕು. ಕ್ವಿಂಟಾಲ್‌ಗೆ ಹೊಟ್ಟೆ ಇನ್ನಷ್ಟು ಉರಿಯಿತು.

ಅಂಗಡಿ ತಲುಪುವ ಹೊತ್ತಿಗೆ ಅಲ್ಲಿಯೂ ವಾತಾವರಣ ಬಿಸಿಯಾಗಿತ್ತು. ಯಜಮಾನರ ಮುಂದೆ ಬೇಯಿಸಿದ ತರಕಾರಿಯ ಡಬ್ಬಿ, ಅದರ ಮೇಲೆ ಅವರ ಕೆಂಗಣ್ಣು. ಎಪ್ಪತ್ತಾರು ಇದ್ದವರು ಎಂಬತ್ತೊಂಬತ್ತಕ್ಕೆ ಬಂದಿದ್ದರು. ಯಾವ ಪಾಪಕ್ಕೆ ಎಂದು ಅವರಿಗೂ ಗೊತ್ತಿರಲಿಲ್ಲ. ಮೂಲೆಯಲ್ಲಿ ಅವರ ಬಾಮೈದ, ಎಲ್ಲರೂ ಕಡ್ಡಿ ಎಂದು ಕರೆಯುವವನು, ಅಂಗಿಯ ತೋಳು ಮಡಚಿ ತನ್ನ ರಟ್ಟೆಯನ್ನು ತಾನೇ ಹಿಸುಕಿಕೊಳ್ಳುತ್ತಿದ್ದ. ಹುಟ್ಟಿದಾಗಿನಿಂದ ಐವತ್ತೊಂದು ದಾಟದ ಅವನು ಈಚೆಗೆ ಅರವತ್ತಾಗಿದ್ದ. ಕಸರತ್ತು ಮಾಡುತ್ತಿದ್ದೇನೆ, ಎಲ್ಲ ಗಟ್ಟಿ ಮಾಂಸ ಎಂದು ಎಲ್ಲರಿಗೂ ಮುಟ್ಟಿ ನೋಡಲು ಕೊಡುತ್ತಿದ್ದ. ಏಣಿಯನ್ನು ಆಗಲೇ ಒರೆಸಿ, ಅದರ ಕಾಲಿಗೆ ತನ್ನ ಟೋಪಿ ನೇತುಹಾಕಿದ್ದ.

ಮೇಸ್ತ್ರಿ ಎಂದಿನಂತೆ ಕರೆದರು, ಬಾ, ನಿಂತ್ಕೋ. ಅದೇ ಅವನ ಕೆಲಸ. ಯಂತ್ರ ಸರಿಯಾಗಿ ತೂಗುತ್ತಿದೆಯೇ ಎಂದು ನೋಡಲು ಇಪ್ಪತ್ತು ಕೆಜಿಯ ಐದು ಕಬ್ಬಿಣದ ಕಲ್ಲುಗಳಿದ್ದವು, ಮಹಡಿಯ ಕೋಣೆಯಲ್ಲಿ. ಆದರೆ ಮೇಸ್ತ್ರಿಗೆ ಬೆನ್ನುನೋವು. ಒಂಬತ್ತು ವರ್ಷದ ಹಿಂದೆ ಮುಳ್ಳು ನೂರಕ್ಕೆ ನಿಂತ ದಿನ, ಹೂತ ನಿಧಿ ಕಂಡವರ ಹಾಗೆ ಮೇಸ್ತ್ರಿಯ ಕಣ್ಣು ಅರಳಿದ್ದವು. ಕಾಲಿರುವ ಕಲ್ಲು, ಕರೆದರೆ ತಾನೇ ನಡೆದು ಬರುವ ಕಲ್ಲು. ಅಂದಿನಿಂದ ಕಬ್ಬಿಣ ಮಹಡಿಯಲ್ಲೇ ಉಳಿಯಿತು. ಯಂತ್ರ ಬಂದರೆ ಕ್ವಿಂಟಾಲ್ ಹತ್ತಿ ನಿಲ್ಲುತ್ತಾನೆ, ಮುಳ್ಳು ನೂರಕ್ಕೆ ಬರುವ ತನಕ ಮೇಸ್ತ್ರಿ ಹಿಂದಿನ ಸ್ಕ್ರೂ ತಿರುಗಿಸುತ್ತಾರೆ. ಉಗ್ರಾಣದ ತಕ್ಕಡಿಯಾದರೆ ಕ್ವಿಂಟಾಲ್ ಬಾಳೆಗೊನೆಯ ಹಾಗೆ ಕೊಕ್ಕೆಗೆ ಜೋತುಬೀಳುತ್ತಾನೆ. ಕಲ್ಲು ಸವೆಯದಿರಲಿ ಎಂದು ಯಜಮಾನರು ದಿನಾ ಹನ್ನೊಂದು ಗಂಟೆಗೆ ಅವನಿಗೆ ಆರು ಬನ್ನು ತರಿಸುತ್ತಿದ್ದರು. ಬಹಳ ವರ್ಷ ಅವನು ಅದನ್ನು ಪ್ರೀತಿ ಎಂದು ತಿಳಿದಿದ್ದ.

ಆ ದಿನವೂ ಅವನು ಕಣ್ಣು ಮುಚ್ಚಿ ಎರಡು ಯಂತ್ರದ ಮೇಲೆ ನಿಂತು ಇಳಿದ. ಮೇಸ್ತ್ರಿ ಸ್ಕ್ರೂ ತಿರುಗಿಸುತ್ತ, ಈಗಿನ ಕಂಪನಿಗಳು ಮಾಡುವ ಸ್ಪ್ರಿಂಗಿಗೆ ನೀಯತ್ತೇ ಇಲ್ಲ, ಯಾವ ಯಂತ್ರ ನೋಡಿದರೂ ಕಡಿಮೆ ತೋರಿಸುತ್ತದೆ ಎಂದು ಗೊಣಗಿದರು.

ಹನ್ನೊಂದಕ್ಕೆ ಬನ್ನು ಬಂದವು. ಆರು ತಿಂಗಳಿಂದ ಆ ಪೊಟ್ಟಣ ಮೇಜಿನ ಕೆಳಗಿನಿಂದ ಕಡ್ಡಿಗೆ ದಾಟುತ್ತಿತ್ತು. ಕಡ್ಡಿ ಅಭ್ಯಾಸಬಲದಿಂದ ಕೈ ಚಾಚಿದ. ಕ್ವಿಂಟಾಲ್ ಕೊಡಲಿಲ್ಲ. ಸೊಂಟದ ದಾರ ಕೊಯ್ಯುತ್ತಿತ್ತು, ಎದುರಿಗೆ ಏಣಿಯ ಮೇಲೆ ಬೇರೆಯವನ ಟೋಪಿ ತೂಗುತ್ತಿತ್ತು, ಇನ್ನೊಂದು ಗಂಟೆಯಲ್ಲಿ ಎಲ್ಲರೂ ನಗಲಿದ್ದರು. ನೂರೇ ಹಣೆಬರಹವಾದರೆ ಸೌತೆಕಾಯಿ ಯಾರ ಸಂತೋಷಕ್ಕೆ? ಒಂದು ಬನ್ನು ಬಾಯಿಗೆ ತುರುಕಿದ. ಅದು ಇಳಿಯುವ ಮೊದಲೇ ಎರಡನೆಯದು. ಮೂರನೆಯದಕ್ಕೇ ಹೊಟ್ಟೆ ಕೈಮುಗಿಯಿತು, ಕೋಪ ಒಪ್ಪಲಿಲ್ಲ. ಆರನೆಯದು ಗಂಟಲಲ್ಲಿ ಸಿಕ್ಕಿಕೊಂಡಾಗ ದೊಡ್ಡ ಬಾಟಲಿಯ ಅರ್ಧ ನೀರು ಸುರಿದು ದಬ್ಬಿದ. ಕಡ್ಡಿ ಅನಾಥನ ಹಾಗೆ ನೋಡುತ್ತಿದ್ದ.

ಹನ್ನೆರಡಕ್ಕೆ ಎಲ್ಲರೂ ದೊಡ್ಡ ಯಂತ್ರದ ಸುತ್ತ ಸೇರಿದರು. ಯಜಮಾನರು ಏಣಿಯ ತಗಡನ್ನು ಗಟ್ಟಿಯಾಗಿ ಓದಿದರು. ತೂಕ ನೋಡುವ ಮೊದಲು ಯಂತ್ರ ಪಕ್ಕಾ ಆಗಿರಲಿ ಎಂದು ಮೇಸ್ತ್ರಿ ಕ್ವಿಂಟಾಲನ್ನು ಹತ್ತಿಸಿದರು. ಅವನು ಹೊಟ್ಟೆಯನ್ನು ಒಂದು ಕೈಯಲ್ಲಿ, ಪ್ಯಾಂಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತ. ಮುಳ್ಳು ನೂರು ದಾಟಿ ನೂರೊಂದಕ್ಕೆ ಹೋಯಿತು. ಮೇಸ್ತ್ರಿ ನಾಲಿಗೆಯಲ್ಲಿ ಚ್ಚು ಅಂದು, ಹಿಂದಕ್ಕೆ ಬಗ್ಗಿ, ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರು. ಮುಳ್ಳು ನೂರಕ್ಕೆ ಬಂತು.

ಕ್ವಿಂಟಾಲ್ ಮುಳ್ಳನ್ನೇ ನೋಡಿದ. ಗಂಟಲು ಹರಿಯುವ ಹಾಗೆ ನುಂಗಿದ ಆರು ಬನ್ನು, ಅರ್ಧ ಬಾಟಲಿ ನೀರು, ಅವನ ಕಣ್ಣೆದುರಿಗೇ ಒಂದು ಸ್ಕ್ರೂಡ್ರೈವರಿನ ಕಾಲು ಸುತ್ತಿಗೆ ಮಾಯವಾಗಿದ್ದವು. ಹೊಟ್ಟೆಯಲ್ಲಿ ಮಾತ್ರ ಇನ್ನೂ ಇದ್ದವು.

"ಮೇಸ್ತ್ರಿ, ಈಗೇನು ಮಾಡಿದ್ರಿ?"

"ಒಂದು ಕೆಜಿ ಜಾಸ್ತಿ ತೋರಿಸ್ತಿತ್ತು. ಸರಿ ಮಾಡ್ದೆ."

"ಅದು ಜಾಸ್ತಿ ತೋರಿಸ್ತಿರ್ಲಿಲ್ಲ. ನಾನು ಬನ್ನು ತಿಂದಿದೀನಿ."

"ದಿನಾ ತಿಂತೀಯಲ್ಲ."

"ದಿನಾ ತಿನ್ನಲ್ಲ. ಆರು ತಿಂಗಳಿಂದ ಒಂದೂ ತಿಂದಿಲ್ಲ. ನಿಮ್ಮ ಕಡ್ಡೀನ ಕೇಳಿ."

ಕಡ್ಡಿ ಸುಮ್ಮನೆ ಬಾಯಿ ಒರೆಸಿಕೊಂಡ. ಮೇಸ್ತ್ರಿಯ ಕೈಯಲ್ಲಿದ್ದ ಸ್ಕ್ರೂಡ್ರೈವರು ಗಾಳಿಯಲ್ಲೇ ನಿಂತಿತು. ಕಳೆದ ಶನಿವಾರ ಯಂತ್ರ ಕಡಿಮೆ ತೋರಿಸುತ್ತಿತ್ತಲ್ಲ, ಅದರ ಹಿಂದಿನ ಶನಿವಾರವೂ, ಅದರ ಹಿಂದೆಯೂ ಎಂದು ಅವರು ತಮ್ಮಷ್ಟಕ್ಕೇ ಲೆಕ್ಕ ಹಾಕತೊಡಗಿದರು. ಆಗೆಲ್ಲ ಏನು ಮಾಡಿದೆ ಎಂದು ಯಜಮಾನರು ಕೇಳಿದರು. ಸರಿ ಮಾಡಿದೆ ಎಂದರು ಮೇಸ್ತ್ರಿ, ಈ ಸಲ ಸಣ್ಣ ದನಿಯಲ್ಲಿ.

"ಅಲ್ಲಯ್ಯ, ಯಂತ್ರ ಸರಿಯಿದೆ ಅಂತ ಹೇಳಿದ್ಯಾರು?"

"ಕ್ವಿಂಟಾಲ್."

"ಕ್ವಿಂಟಾಲ್ ನೂರು ಕೆಜಿ ಅಂತ ಹೇಳಿದ್ಯಾರು?"

"ಯಂತ್ರ."

ನಾಲ್ಕನೇ ಕ್ಲಾಸಿನ ಮಗುವಿಗೂ ಹೊಳೆಯುವ ಲೆಕ್ಕ ಇದು. ಇಪ್ಪತ್ತಾರು ವಾರ ಅದರ ಮೇಲೆ ಬರಿಗಾಲಲ್ಲಿ ನಿಂತವನಿಗೆ ಹೊಳೆದಿರಲಿಲ್ಲ. ಎಂಟನೇ ತರಗತಿಯ ಗಣಿತದ ಮೇಷ್ಟ್ರು ತನ್ನ ತಲೆಯ ಬಗ್ಗೆ ಹೇಳಿದ್ದೆಲ್ಲ ನಿಜ ಎಂದು ಕ್ವಿಂಟಾಲ್ ಮೊದಲ ಸಲ ಒಪ್ಪಿಕೊಂಡ.

ಮಹಡಿಗೆ ಓಡಿ ಕಬ್ಬಿಣದ ಕಲ್ಲುಗಳನ್ನು ಒಂದೊಂದಾಗಿ ಅವನೇ ಹೊತ್ತು ತಂದ. ಒಂದರ ಮೇಲೆ ಜೇಡ ಸಂಸಾರ ಹೂಡಿತ್ತು. ಐದನ್ನೂ ಇಟ್ಟಾಗ ಮುಳ್ಳು ನೂರು ದಾಟಿ, ನೂರಹತ್ತು ದಾಟಿ, ನೂರ ಹದಿನಾರರ ಹತ್ತಿರ ಹೋಗಿ ನಿಂತಿತು. ಮೇಸ್ತ್ರಿ ನೆಲದ ಮೇಲೇ ಕೂತುಬಿಟ್ಟರು. ಕ್ವಿಂಟಾಲ್ ಸ್ಕ್ರೂಡ್ರೈವರನ್ನು ಅವರ ಕೈಯಿಂದ ಕಿತ್ತುಕೊಂಡು, ಮುಳ್ಳನ್ನು ನೂರಕ್ಕೆ ತಂದು, ಕಬ್ಬಿಣ ಇಳಿಸಿ, ತಾನು ಹತ್ತಿದ. ಎಂಬತ್ತಾರು. ಬನ್ನು, ನೀರು ಕಳೆದರೆ ಎಂಬತ್ತೈದು.

ಹದಿನೈದು ಕೆಜಿ. ಬೆಲ್ಟಿನ ನಾಲ್ಕೂ ತೂತುಗಳು ಒಟ್ಟಿಗೆ ಕಣ್ಣ ಮುಂದೆ ಬಂದವು. ಇಡೀ ದಿನ ಸಾಕಿಕೊಂಡು ಬಂದ ಕೋಪಕ್ಕೆ ಒಮ್ಮೆಗೇ ಯಾರ ಮನೆಗೆ ಹೋಗಬೇಕೋ ತಿಳಿಯದೆ, ಅದು ಕಣ್ಣಿಗೆ ಬಂದು ನೀರಾಯಿತು.

ಅಷ್ಟರಲ್ಲಿ ಯಜಮಾನರು ಅವನನ್ನು ಪಕ್ಕಕ್ಕೆ ತಳ್ಳಿ ತಾವೇ ಹತ್ತಿದ್ದರು. ಎಪ್ಪತ್ತಾರು. ಅವರು ಎರಡು ಸಲ ಇಳಿದು ಹತ್ತಿ ನೋಡಿದರು. ಆಮೇಲೆ ಬೇಯಿಸಿದ ತರಕಾರಿಯ ಡಬ್ಬಿಯನ್ನು ಮುಚ್ಚಿ, ಇನ್ನೆಂದೂ ಮುಖ ತೋರಿಸಬೇಡ ಎಂಬಂತೆ ಕಪಾಟಿನ ಹಿಂದೆ ತಳ್ಳಿದರು. ಕಡ್ಡಿಯದು ಐವತ್ತೊಂದು. ಅವನು ಅಂಗಿಯ ತೋಳನ್ನು ಮಣಿಕಟ್ಟಿನವರೆಗೂ ಇಳಿಸಿಕೊಂಡ.

ಸಂತೋಷದಲ್ಲಿದ್ದ ಯಜಮಾನರು ಮಾತು ಅಂದರೆ ಮಾತು ಎಂದರು. ಏಣಿ ಕ್ವಿಂಟಾಲ್‌ನದು. ಅವನು ಆಗಲೇ ಐದು ಮೆಟ್ಟಿಲು ಹತ್ತಿದ. ಅಲ್ಲಿಂದ ಕಪಾಟಿನ ಮೇಲಿನ ಧೂಳು ಕಂಡಿತು, ಯಜಮಾನರ ನೆತ್ತಿಯ ಬೋಳು ಕಂಡಿತು, ಕತ್ತೆತ್ತಿ ನೋಡುತ್ತಿದ್ದ ಮುಖಗಳು ಕಂಡವು. ಗೆದ್ದವನ ಹಾಗೆ ಎರಡೂ ಕೈ ಎತ್ತಿದ. ಪಾರ್ಸಲ್ ದಾರ ಅಷ್ಟನ್ನೇ ಕಾಯುತ್ತಿತ್ತು. ಈ ಸಲ ಪ್ಯಾಂಟು ಮೊಣಕಾಲಿನಲ್ಲಿಯೂ ನಿಲ್ಲಲಿಲ್ಲ.

ಆದರೂ ಅದು ಅವನ ಬಾಳಿನ ಒಳ್ಳೆಯ ಮಧ್ಯಾಹ್ನವೇ ಆಗಿತ್ತು, ಮುಂದಿನ ಆಜ್ಞೆ ಬರುವ ತನಕ. ಈ ಊರಿನಲ್ಲಿ ತಾವು ಕೈಯಿಟ್ಟ ಯಂತ್ರಗಳನ್ನೆಲ್ಲ ಯಾರಾದರೂ ಜಗಳಕ್ಕೆ ಬರುವ ಮೊದಲು ಕಬ್ಬಿಣ ಇಟ್ಟು ಸರಿಮಾಡಬೇಕು, ಈ ದಿನವೇ ಶುರು ಎಂದರು ಯಜಮಾನರು. ಕಬ್ಬಿಣಕ್ಕೆ ಕಾಲಿಲ್ಲ. ಹೊರುವವನು ಒಬ್ಬನೇ.

ಕ್ಲಿನಿಕ್ಕಿನ ಇಪ್ಪತ್ತೆರಡು ಮೆಟ್ಟಿಲನ್ನು ಐದು ಸಲ ಹತ್ತಿ, ಐದು ಸಲ ಇಳಿದ. ತನ್ನ ಮೈಯಿಂದ ಇಳಿಸಿದ್ದಕ್ಕಿಂತ ಐದು ಕೆಜಿ ಹೆಚ್ಚು ಪ್ರತಿ ಸಲವೂ ಹೆಗಲ ಮೇಲೆ ಕೂತಿತ್ತು. ಯಂತ್ರ ಸರಿಯಾದ ಮೇಲೆ ನರ್ಸಮ್ಮ ಹತ್ತಿ ನಿಂತಳು. ಅರವತ್ತು. ಅವಳು ಡಾಕ್ಟರನ್ನು ಕೂಗಿದಳು, ಡಾಕ್ಟರು ಕಾಯುತ್ತಿದ್ದ ರೋಗಿಗಳನ್ನು ಬಿಟ್ಟು ಬಂದು ತಾವೂ ಹತ್ತಿದರು, ರೋಗಿಗಳೂ ಸಾಲು ನಿಂತರು. ಐದು ನಿಮಿಷದಲ್ಲಿ ಕ್ಲಿನಿಕ್ಕಿನಲ್ಲಿದ್ದವರೆಲ್ಲ ತೆಳ್ಳಗಾಗಿದ್ದರು. ಯಾರೋ ಬನ್ನು ತರಿಸಿ ಹಂಚಿದರು.

ತಾನು ಹದಿನೈದು ಕೆಜಿ ಇಳಿಸಿದ್ದೇನೆ ಎಂದು ಕ್ವಿಂಟಾಲ್ ತಡೆಯಲಾರದೆ ಹೇಳಿದ.

"ಎಷ್ಟು ದಿನಕ್ಕೆ ಅಣ್ಣ?" ನರ್ಸಮ್ಮ ಬನ್ನು ಜಗಿಯುತ್ತ ಕೇಳಿದಳು.

"ಆರು ತಿಂಗಳು."

"ಅಷ್ಟು ದಿನ ಬೇಕಾಯ್ತಾ? ನೋಡಿ, ನಾನು ನಿಂತ ಕಾಲಲ್ಲೇ ಹತ್ತು ಇಳಿಸಿದೆ."

ಅವಳು ಅವನ ಕೈಗೂ ಎರಡು ಬನ್ನು ತುರುಕಿ, ಮನೆಗೆ ಒಯ್ಯಿರಿ ಎಂದಳು. ಔಷಧಿ ಅಂಗಡಿಯಲ್ಲಿಯೂ ಅದೇ ಕತೆ. ಬೀದಿಯಲ್ಲಿ ಎದುರಾದವರೆಲ್ಲ ಎಂಟು ಇಳಿಸಿದೆ, ಹನ್ನೆರಡು ಇಳಿಸಿದೆ ಎಂದು ಹೇಳಿಕೊಳ್ಳುತ್ತಿದ್ದರು. ಹದಿನೈದು ಎಂದ ಅವನನ್ನು, ಇವನದೂ ಒಂದು ಸೇರಿತು ಎಂಬಂತೆ ನೋಡಿ ಮುಂದೆ ಹೋದರು.

ಸಂಜೆ ಉಗ್ರಾಣವೊಂದರ ಮುಂದೆ, ಸಹಾಯ ಮಾಡೋಣ ಎಂದು ಒಂದೇ ಒಂದು ಕಲ್ಲು ಎತ್ತಿದ ಮೇಸ್ತ್ರಿಯ ಬೆನ್ನು ಬಗ್ಗಿದ್ದು ಬಗ್ಗಿದಂತೆಯೇ ಉಳಿಯಿತು. ಹತ್ತಿರದಲ್ಲೇ ಇದ್ದ ಕ್ವಿಂಟಾಲ್‌ನ ಮನೆಗೆ ಅವರನ್ನು ಪ್ರಶ್ನಾರ್ಥಕ ಚಿಹ್ನೆಯ ಆಕಾರದಲ್ಲೇ ಕರೆತರಬೇಕಾಯಿತು. ಅಕ್ಕ ಬಿಸಿನೀರಿನ ಚೀಲ ಕೊಟ್ಟು ಕುರ್ಚಿಯಲ್ಲಿ ಕೂರಿಸಿದಳು. ಮೇಜಿನ ಮೇಲೆ ಅವನ ಬೆಲ್ಟು ಸುರುಳಿ ಸುತ್ತಿಕೊಂಡು ಮಲಗಿತ್ತು. ದಾರಿಯಲ್ಲಿ ಬೆಲ್ಟಿನ ಅಂಗಡಿಯವನು ಅಕ್ಕನನ್ನು ಕರೆದು ಕೊಟ್ಟನಂತೆ, ತಮ್ಮನಿಗೆ ಸ್ವಲ್ಪ ತಾಳ್ಮೆ ಕಲಿಸಿ ಎಂದನಂತೆ.

ನಡೆದದ್ದನ್ನೆಲ್ಲ ಕೇಳಿ ಅಕ್ಕ ನಗಲಿಲ್ಲ. ಬಂದು ತಮ್ಮನ ಕೆನ್ನೆ ಹಿಡಿದು ನೋಡಿದಳು. ಆ ದಿನ ಅವನ ಹದಿನೈದು ಕೆಜಿಗೆ ಬೆಲೆ ಕೊಟ್ಟವಳು ಅವಳೊಬ್ಬಳೇ. ಅವಳು ಅಲ್ಲಿಗೇ ನಿಲ್ಲಿಸಿದ್ದರೆ ಅವನು ಉಳಿಯುತ್ತಿದ್ದ. ಆದರೆ ಹೆಮ್ಮೆ ಉಕ್ಕಿದಾಗ ಬಾಯಿ ಸುಮ್ಮನಿರುತ್ತದೆಯೇ? ಆಸ್ಪತ್ರೆಯಲ್ಲಿ ತಾನು ನೋಡಿದ್ದು, ತಟ್ಟೆಯ ಗೆರೆ, ಎರಡು ನಿಲ್ದಾಣದ ನಡಿಗೆ, ಎಲ್ಲವನ್ನೂ ಮೇಸ್ತ್ರಿಗೆ ವಿವರಿಸಿದಳು.

"ಈಗ ಇವನ ಊಟ, ನಡಿಗೆ ಎಲ್ಲ ಒಂದು ಹದಕ್ಕೆ ಕೂತಿದೆ. ಇನ್ನು ಇಳಿಯೋದೂ ಇಲ್ಲ, ಏರೋದೂ ಇಲ್ಲ. ಎಂಬತ್ತೈದು ಅಂದ್ರೆ ಎಂಬತ್ತೈದೇ. ಹತ್ತು ವರ್ಷ ಬಿಟ್ಟು ಬಂದು ತೂಗಿ, ಮುಳ್ಳು ಅಲ್ಲಾಡಿದ್ರೆ ನನ್ನ ಕೇಳಿ."

ಮೇಸ್ತ್ರಿ ಬೆನ್ನು ನೆಟ್ಟಗೆ ಮಾಡಿದರು. ನೋವು ಮರೆತಿತ್ತು. ಅವರ ಕಣ್ಣು ಅರಳಿದ್ದವು. ಹೂತ ನಿಧಿ ಕಂಡವರ ಆ ನೋಟವನ್ನು ಕ್ವಿಂಟಾಲ್ ಒಂಬತ್ತು ವರ್ಷದ ಹಿಂದೆ ಒಂದು ಸಲ ನೋಡಿದ್ದ.

ಅವರು ಆಗಲೇ ಯಜಮಾನರಿಗೆ ಫೋನು ಹಚ್ಚಿದ್ದರು. ಕಬ್ಬಿಣ ಹೊರುವ ಕೆಲಸ ಇನ್ನು ಬೇಡ, ಮುಳ್ಳಿನ ಕೆಳಗೆ ಎಂಬತ್ತೈದರ ಹತ್ತಿರ ಗೆರೆ ಎಳೆದುಕೊಂಡು ಇವನನ್ನೇ ಹತ್ತಿಸಿದರೆ ಸಾಕು, ಅವರಕ್ಕ ಹತ್ತು ವರ್ಷದ ಗ್ಯಾರಂಟಿ ಕೊಟ್ಟಿದ್ದಾರೆ ಎಂದು ಹೇಳಿ ಫೋನನ್ನು ಅವನ ಕಿವಿಗಿಟ್ಟರು.

"ಏಣಿ?" ಎಂದು ಮಾತ್ರ ಕೇಳಿದ ಕ್ವಿಂಟಾಲ್.

ಯಜಮಾನರ ದನಿಯಲ್ಲಿ ನಿಜವಾದ ಅಕ್ಕರೆಯಿತ್ತು. "ಏಣಿ ಕಡ್ಡಿ ಹತ್ಲಿ ಬಿಡಪ್ಪ. ತೊಂಬತ್ತರ ಒಳಗಿರೋರು ಊರ ತುಂಬ ಇದಾರೆ. ಎಂಬತ್ತೈದಕ್ಕೇ ನಿಲ್ಲೋನು ನೀನೊಬ್ಬನೇ. ನೀನು ಮೇಲೆ ಹತ್ತಿದ್ರೆ ಕೆಳಗೆ ಜೋತುಬೀಳೋರು ಯಾರು?"

ಫೋನು ಕೆಳಗಿಟ್ಟ ಕ್ವಿಂಟಾಲ್‌ಗೆ ಆ ದಿನದ ದೊಡ್ಡ ಕೋಪ ಬಂತು. ಎಂಬತ್ತೈದಾ? ನಾಳೆ ಬೆಳಗಾಗುವುದರೊಳಗೆ ಎಂಬತ್ತೆಂಟು ಮಾಡಿ ತೋರಿಸುತ್ತೇನೆ ಎಂದುಕೊಂಡ. ನರ್ಸಮ್ಮನ ಬನ್ನು ಜೇಬಿನಿಂದ ತೆಗೆದು, ಮೇಸ್ತ್ರಿಯ ಮುಖದ ಎದುರಿಗೇ ಕಚ್ಚಿದ. ಮೇಸ್ತ್ರಿ ಉಸಿರು ಬಿಗಿಹಿಡಿದು ನೋಡಿದರು. ಅಕ್ಕ ಅವನ ತಟ್ಟೆ ತಂದಿಟ್ಟು, ಪಕ್ಕದಲ್ಲಿ ಕೂತಳು.

ಅರ್ಧ ಬನ್ನಿಗೆ ದವಡೆ ನಿಂತಿತು. ಬಾಯಲ್ಲಿದ್ದದ್ದು ಇಳಿಯುವ ತನಕ ಕೈ ಮುಂದಿನ ತುತ್ತಿಗೆ ಏಳಲಿಲ್ಲ. ಏಳು ಎಂದು ಬೈದ, ಆದರೂ ಏಳಲಿಲ್ಲ. ಉಳಿದ ಬನ್ನನ್ನು ಕೆಳಗಿಟ್ಟಿತು. ಆಮೇಲೆ ಅವನು ಹೇಳದೆಯೇ, ಅವನು ನೋಡುತ್ತಿದ್ದಂತೆಯೇ, ಅದೇ ಕೈ ತಟ್ಟೆಗೆ ಹೋಗಿ ಒಂದು ಸೌತೆಕಾಯಿಯ ಹೋಳು ಎತ್ತಿಕೊಂಡಿತು.

ಮೇಸ್ತ್ರಿ ನಿಟ್ಟುಸಿರು ಬಿಟ್ಟು, ಉಳಿದ ಬನ್ನನ್ನು ಯಾರ ಲೆಕ್ಕಕ್ಕೂ ಸಿಗದ ಹಾಗೆ ತಾವೇ ತಿಂದು ಮುಗಿಸಿದರು.

ಊಟವಾದ ಮೇಲೆ ಕ್ವಿಂಟಾಲ್ ಎದ್ದು ಬೆಲ್ಟು ಹಾಕಿಕೊಂಡ. ನಾಲ್ಕನೆಯ ತೂತಿಗೆ ಕೊಕ್ಕೆ ಸರಿಯಾಗಿ ಕೂತಿತು. ಎರಡೂ ಕೈ ಮೇಲಕ್ಕೆತ್ತಿ ನೋಡಿದ. ಪ್ಯಾಂಟು ಅಲ್ಲಾಡಲಿಲ್ಲ. ಐದನೆಯ ತೂತು ಇನ್ನು ಬೇಕಾಗುವ ಹಾಗೆ ಕಾಣಲಿಲ್ಲ.